ಸ್ಟೀಲ್ ಮೇಲಿನ ಕಪ್ಪು ಲೇಸರ್ ಗುರುತು ಯಾಕೆ ಮಾಸುತ್ತದೆ? ಹೊಸ ಮೆಷಿನ್ ಕೊಳ್ಳುವ ಮುಂಚೆ ಸಲಹೆ ಬೇಕು

ಕಪ್ಪುಗುರುತು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಆಪರೇಷನ್‌ಗೆ ಬಳಸುವ ಕತ್ತರಿ, ಕ್ಲಾಂಪ್, ಫೋರ್ಸೆಪ್ಸ್ ಮೇಲೆ ಗುರುತು ಹಾಕುವುದು ನನ್ನ ಕೆಲಸ. ಒಂದು ಚಿಕ್ಕ ಡೇಟಾ ಮ್ಯಾಟ್ರಿಕ್ಸ್ ಕೋಡ್ (ಕ್ಯೂಆರ್ ಕೋಡ್ ಹಾಗೆ ಚೌಕಗಳಿಂದ ಆದದ್ದು), ಪಕ್ಕದಲ್ಲಿ ನಂಬರ್. ಮೆಷಿನ್ 20 ವಾಟ್ ಫೈಬರ್ ಲೇಸರ್, ಹಳೆ ಕ್ಯೂ-ಸ್ವಿಚ್ ಮಾದರಿಯದು. ಹಾಕಿದ ದಿನ ಗುರುತು ಕಾಡಿಗೆ ಹಚ್ಚಿದ ಹಾಗೆ ಕಪ್ಪಗಿರುತ್ತದೆ. ಆಮೇಲೆ ಪ್ಯಾಸಿವೇಶನ್‌ಗೆ, ಅಂದರೆ ತುಕ್ಕು ಹಿಡಿಯದ ಹಾಗೆ ಮೇಲ್ಮೈ ಸಿದ್ಧ ಮಾಡಲು, ಆಸಿಡ್ ತೊಟ್ಟಿಗೆ ಹೋಗುತ್ತದೆ, ಅಲ್ಲಿಂದ ಹೊರಗೆ ಬರುವಷ್ಟರಲ್ಲೇ ಬಣ್ಣ ಅರ್ಧ ಇಳಿದಿರುತ್ತದೆ. ಇನ್ನು ಗ್ರಾಹಕರ ಹತ್ತಿರ ಹತ್ತಾರು ಸಲ ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ) ಆದ ಮೇಲೆ ಕೆಲವು ಪೀಸ್‌ಗಳಲ್ಲಿ ಗುರುತಿನ ಜಾಗದಲ್ಲೇ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತಿದೆ. ಉಳಿದ ಮೈಯೆಲ್ಲ ಕನ್ನಡಿ ಹಾಗಿದೆ, ಕೋಡ್ ಇರುವ ಆ ಚೌಕದಲ್ಲಿ ಮಾತ್ರ ತುಕ್ಕು. ಹೋದ ತಿಂಗಳು ಒಂದು ಲಾಟ್ ಪೂರ್ತಿ ವಾಪಸ್ ಬಂತು.

ಮೆಷಿನ್ ಮಾರುವವರನ್ನು ಕೇಳಿದರೆ ಒಬ್ಬರು 50 ವಾಟ್ ತಗೊಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಮೋಪಾ ಅನ್ನುವ ಇನ್ನೊಂದು ಥರದ ಫೈಬರ್ ಲೇಸರ್ ಅನ್ನುತ್ತಾರೆ, ಮತ್ತೊಬ್ಬರು ತೀರಾ ಚಿಕ್ಕ ಪಲ್ಸ್‌ನ ಫೆಮ್ಟೊಸೆಕೆಂಡ್ ಲೇಸರ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಿಜವಾಗಿ ಏನು ಬದಲಾಗಿದೆ? ಯಾವುದು ನನ್ನ ಕಷ್ಟಕ್ಕೆ ಉತ್ತರ, ಯಾವುದು ಬರೀ ಜಾಹೀರಾತು? ಅನುಭವ ಇರುವವರು ಹೇಳಿ.

ಹಳೆ ಯಾಗ್:

ನಾನು ಲ್ಯಾಂಪ್ ಹಾಕುವ ಹಳೆಯ ಯಾಗ್ ಲೇಸರ್ ಮೆಷಿನ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಮೊದಲು ನಿಮ್ಮ ತುಕ್ಕಿನ ವಿಷಯ ನೋಡೋಣ. ಮೆಷಿನ್ ವಿಷಯ ಆಮೇಲೆ.

ನೀವು ಹಾಕುತ್ತಿರುವುದು ಅನೀಲಿಂಗ್ ಗುರುತು. ಅಂದರೆ ಲೋಹವನ್ನು ಕೆತ್ತುತ್ತಿಲ್ಲ, ಬಿಸಿ ಮಾಡಿ ಮೇಲೆ ಆಕ್ಸೈಡ್ ಪದರ ಬೆಳೆಸುತ್ತಿದ್ದೀರಿ. ಕಪ್ಪು ಕಾಣುವುದು ಆ ಪದರವೇ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯದೆ ಇರುವುದು ಅದರಲ್ಲಿರುವ ಕ್ರೋಮಿಯಂನಿಂದ, ಕಡಿಮೆ ಅಂದರೂ ಶೇಕಡಾ 10.5ರಷ್ಟು ಬೇಕು. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ರಕ್ಷಣೆ ಕಟ್ಟಿಕೊಂಡಿರುತ್ತದೆ. ನೀವು ಲೇಸರ್‌ನಿಂದ ಕಾಯಿಸಿದಾಗ ಕ್ರೋಮಿಯಂ ಮೇಲೆ ಬಂದು ದಪ್ಪ ಆಕ್ಸೈಡ್ ಆಗುತ್ತದೆ, ಅದರ ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗುತ್ತದೆ. ಜೊತೆಗೆ ಮೇಲಿನ ಆಕ್ಸೈಡ್‌ನಲ್ಲಿ ಕಬ್ಬಿಣವೂ ಸೇರಿರುತ್ತದೆ. ಆಸಿಡ್ ಆ ಆಕ್ಸೈಡನ್ನು ತಿನ್ನುತ್ತದೆ, ಬಣ್ಣ ಇಳಿಯುತ್ತದೆ. ಕೆಳಗಿರುವುದು ಬಡವಾದ ಲೋಹ. ಅದಕ್ಕೆ ಬಿಸಿ ಹಬೆ, ಕ್ಷಾರದ ಡಿಟರ್ಜೆಂಟ್ ದಿನಾ ತಾಗಿದರೆ ತುಕ್ಕು ಹಿಡಿಯದೆ ಇನ್ನೇನಾಗುತ್ತದೆ?

ಅದಕ್ಕೇ ತುಕ್ಕು ಸರಿಯಾಗಿ ಆ ಚೌಕದಲ್ಲೇ ಬಂದಿರುವುದು. 50 ವಾಟ್ ತಂದರೆ ಇನ್ನೂ ಜಾಸ್ತಿ ಬಿಸಿ ಮಾಡುತ್ತೀರಿ, ಅಷ್ಟೇ. ನಿಮ್ಮ ಸ್ಟೀಲ್ ಯಾವ ಗ್ರೇಡ್?

ಕಪ್ಪುಗುರುತು:

ಕತ್ತರಿಗಳು 420, ಕೆಲವು ರಿಟ್ರಾಕ್ಟರ್‌ಗಳು 304. ಈಗ ಹೇಳುವಾಗ ನೆನಪಾಯಿತು ಸರ್, ವಾಪಸ್ ಬಂದದ್ದೆಲ್ಲ 420 ಪೀಸ್‌ಗಳೇ.

ಹಳೆ ಯಾಗ್:

ಹಾಗಾದರೆ ಲೆಕ್ಕ ಸರಿಹೋಯಿತು. 420 ಗಟ್ಟಿ ಮಾಡಬಹುದಾದ ಮಾರ್ಟೆನ್ಸಿಟಿಕ್ ಸ್ಟೀಲ್. ಅಲಗು ಚೂಪಾಗಿ ನಿಲ್ಲುತ್ತದೆ, ಆದರೆ ತುಕ್ಕಿನ ವಿಷಯದಲ್ಲಿ 304ಕ್ಕಿಂತ ಮೊದಲೇ ದುರ್ಬಲ. ಕ್ರೋಮಿಯಂ ಇರುವುದೇ ಶೇಕಡಾ 12ರಿಂದ 14. ಸ್ವಲ್ಪ ಕಳೆದುಕೊಂಡರೂ ಅಂಚಿಗೆ ಬಂದುಬಿಡುತ್ತದೆ. 304ರಲ್ಲಿ ಸುಮಾರು 18 ಇರುವುದರಿಂದ ಅದೇ ಸೆಟ್ಟಿಂಗ್ ಅಲ್ಲಿ ನಡೆಯುತ್ತದೆ. ಎರಡಕ್ಕೂ ಒಂದೇ ಸೆಟ್ಟಿಂಗ್ ಹಾಕಿದ್ದೀರಿ ಅಂತ ನನ್ನ ಊಹೆ.

ಕಪ್ಪುಗುರುತು:

ಹೌದು ಸರ್, ಒಂದೇ ಸೆಟ್ಟಿಂಗ್. ವಿವರಿಸಿದ್ದಕ್ಕೆ ತುಂಬಾ ಧನ್ಯವಾದ. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ನ್ಯಾನೊಸೆಕೆಂಡ್:

ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆ ಆಗಿರುವುದು ವಾಟ್‌ನಲ್ಲಿ ಅಲ್ಲ, ಪಲ್ಸ್‌ನಲ್ಲಿ, ಅಂದರೆ ಲೇಸರ್ ಬಿಟ್ಟು ಬಿಟ್ಟು ಹೊಡೆಯುವ ಬೆಳಕಿನ ಹೊಡೆತದಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕಂದರೆ ಕೊಳ್ಳುವವರೆಲ್ಲ ಮೊದಲು ಕೇಳುವುದು ವಾಟ್ ಎಷ್ಟು ಅಂತಲೇ.

ಒಂದು ಲೆಕ್ಕ ಹಾಕೋಣ. 20 ವಾಟ್ ಲೇಸರ್ ಸೆಕೆಂಡಿಗೆ 20,000 ಪಲ್ಸ್ ಬಿಟ್ಟರೆ ಒಂದೊಂದು ಪಲ್ಸ್‌ನಲ್ಲಿ 1 ಮಿಲಿಜೌಲ್ ಶಕ್ತಿ. ಅದು 100 ನ್ಯಾನೊಸೆಕೆಂಡ್‌ನಲ್ಲಿ (ಒಂದು ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಬಂದು ಬಿದ್ದರೆ ಆ ಕ್ಷಣದ ಶಕ್ತಿ 10 ಕಿಲೋವಾಟ್. ಇದು ಕೆತ್ತುವ ಪೆಟ್ಟು. ಅದೇ 20 ವಾಟನ್ನು ಸೆಕೆಂಡಿಗೆ 10 ಲಕ್ಷ ಪಲ್ಸ್ ಆಗಿ ಹಂಚಿದರೆ ಒಂದೊಂದರಲ್ಲಿ ಬರೀ 20 ಮೈಕ್ರೊಜೌಲ್. ಮೊದಲಿನದು ಸುತ್ತಿಗೆ ಹೊಡೆತವಾದರೆ ಇದು ಬೆರಳಿನಿಂದ ತಟ್ಟಿದ ಹಾಗೆ. ಎರಡರಲ್ಲೂ ವಾಟ್ ಒಂದೇ, ಆದರೆ ಲೋಹಕ್ಕೆ ಆಗುವುದು ಬೇರೆ.

ಹಳೆ ಕ್ಯೂ-ಸ್ವಿಚ್ ಫೈಬರ್‌ನಲ್ಲಿ ಪಲ್ಸ್ ಉದ್ದ ಹೆಚ್ಚುಕಮ್ಮಿ 100 ನ್ಯಾನೊಸೆಕೆಂಡ್‌ಗೆ ಕಟ್ಟಿಹಾಕಿರುತ್ತದೆ, ಪಲ್ಸ್ ಸಂಖ್ಯೆಯನ್ನೂ ಒಂದು ಮಿತಿಯೊಳಗೆ ಮಾತ್ರ ಬದಲಿಸಬಹುದು. ಮೋಪಾದಲ್ಲಿ ಒಂದು ಚಿಕ್ಕ ಲೇಸರ್ ಪಲ್ಸ್ ಹುಟ್ಟಿಸುತ್ತದೆ, ಅದರ ಮುಂದಿನ ಫೈಬರ್ ಅದನ್ನು ದೊಡ್ಡದು ಮಾಡುತ್ತದೆ. ಹುಟ್ಟಿಸುವುದು ಬೇರೆ, ಬೆಳೆಸುವುದು ಬೇರೆ ಆಗಿರುವುದರಿಂದ ಪಲ್ಸ್ ಉದ್ದವನ್ನು ನೀವೇ ಆರಿಸಬಹುದು. 2 ನ್ಯಾನೊಸೆಕೆಂಡ್‌ನಿಂದ 500ರವರೆಗೆ ಕೊಡುವ ಸೋರ್ಸ್‌ಗಳು ಈಗ ಸಾಮಾನ್ಯ. ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಮೇಲೆ ನುಣುಪಾದ ಕಪ್ಪು ಬರುವುದು ಇದರಿಂದಲೇ. ಕ್ಯೂ-ಸ್ವಿಚ್‌ನಲ್ಲಿ ಎಷ್ಟೇ ಒದ್ದಾಡಿದರೂ ಅದು ಬೂದು ಬಣ್ಣದಲ್ಲೇ ನಿಲ್ಲುತ್ತದೆ.

ನಿಮಗೆ ಮೋಪಾ ಸಹಾಯ ಮಾಡುತ್ತದೆ, ಆದರೆ ತುಕ್ಕನ್ನು ಪೂರ್ತಿ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಚಿಕ್ಕ ಪಲ್ಸ್, ಕಡಿಮೆ ಬಿಸಿ ಇಟ್ಟು ಹಾಕಿದರೆ ಹಾನಿ ಕಡಿಮೆ. ಆದರೆ ಕಪ್ಪು ಬರುತ್ತಿರುವುದು ಆಕ್ಸೈಡ್‌ನಿಂದಲೇ ಆಗಿದ್ದರೆ ಮೂಲ ಸಮಸ್ಯೆ ಹಾಗೇ ಇರುತ್ತದೆ.

ಹೊಸಬಳು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇತ್ತೀಚೆಗೆ ಈ ಕೆಲಸಕ್ಕೆ ಸೇರಿದ್ದೇನೆ. ಮೋಪಾದಲ್ಲಿ ಸ್ಟೀಲ್ ಮೇಲೆ ನೀಲಿ, ಹಸಿರು, ಚಿನ್ನದ ಬಣ್ಣ ಬರುವ ವಿಡಿಯೊಗಳು ತುಂಬಾ ಕಾಣುತ್ತವೆ. ಅದು ನಿಜವಾದ ಬಣ್ಣವಾ? ಕೈಗಾರಿಕೆಯಲ್ಲಿ ಯಾರಾದರೂ ಬಳಸುತ್ತಾರಾ?

ನ್ಯಾನೊಸೆಕೆಂಡ್:

ಕ್ಷಮೆ ಯಾಕೆ, ಒಳ್ಳೆ ಪ್ರಶ್ನೆ. ಅಲ್ಲಿ ಬಣ್ಣದ ಪುಡಿ ಏನೂ ಇಲ್ಲ. ಆಕ್ಸೈಡ್ ಪದರದ ದಪ್ಪ ಬದಲಾದ ಹಾಗೆ ಬೆಳಕು ಅದರ ಮೇಲಿನಿಂದಲೂ ಕೆಳಗಿನಿಂದಲೂ ತಿರುಗಿ ಬಂದು ಒಂದರ ಜೊತೆ ಒಂದು ಸೇರಿ ಕೆಲವು ಬಣ್ಣ ಉಳಿಯುತ್ತದೆ, ಕೆಲವು ಅಳಿಯುತ್ತದೆ. ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವ ಬಣ್ಣದ ಹಾಗೇ. ಟೈಟಾನಿಯಂ ಮೇಲೂ ಚೆನ್ನಾಗಿ ಬರುತ್ತದೆ. ಆದರೆ ತಟ್ಟೆ ಸ್ವಲ್ಪ ಬಿಸಿಯಾದರೆ, ಪಾಲಿಶ್ ಬೇರೆಯಾದರೆ, ಫೋಕಸ್ ಅರ್ಧ ಮಿಲಿಮೀಟರ್ ಸರಿದರೆ ನೀಲಿ ಹೋಗಿ ನೇರಳೆ ಬರುತ್ತದೆ. ಲೋಗೊ, ಅಲಂಕಾರಕ್ಕೆ ಚೆಂದ. ವರ್ಷಗಟ್ಟಲೆ ಓದಬೇಕಾದ ಕೋಡ್‌ಗೆ ನಾನಂತೂ ಬಳಸುವುದಿಲ್ಲ.

ಬೆಳಕುಗಳ್ಳ:

ಫೆಮ್ಟೊಸೆಕೆಂಡ್ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನಮ್ಮಲ್ಲಿ ಎರಡು ವರ್ಷದಿಂದ ಪಿಕೊಸೆಕೆಂಡ್ ಮೆಷಿನ್ ಓಡುತ್ತಿದೆ, ಕೆಲಸವೂ ನಿಮ್ಮ ಹಾಗೇ ವೈದ್ಯಕೀಯ ಉಪಕರಣಗಳದ್ದು.

ನ್ಯಾನೊಸೆಕೆಂಡ್‌ನ ಸಾವಿರದಲ್ಲಿ ಒಂದು ಭಾಗ ಪಿಕೊಸೆಕೆಂಡ್, ಅದರ ಸಾವಿರದಲ್ಲಿ ಒಂದು ಭಾಗ ಫೆಮ್ಟೊಸೆಕೆಂಡ್. ಇವೆರಡರ ಕಪ್ಪು ಬೇರೆ ಥರದ್ದು. ಪಲ್ಸ್ ಎಷ್ಟು ಚಿಕ್ಕದು ಅಂದರೆ ಶಕ್ತಿ ಲೋಹದ ಎಲೆಕ್ಟ್ರಾನ್‌ಗಳಿಗೆ ಸೇರಿ ಅಲ್ಲಿಂದ ಬಿಸಿಯಾಗಿ ಸುತ್ತ ಹರಡುವ ಮೊದಲೇ ಪಲ್ಸ್ ಮುಗಿದಿರುತ್ತದೆ. ಸರಾಸರಿ 10 ವಾಟ್, ಸೆಕೆಂಡಿಗೆ 5 ಲಕ್ಷ ಪಲ್ಸ್ ಅಂದುಕೊಳ್ಳಿ. ಒಂದೊಂದರಲ್ಲಿ ಅದೇ 20 ಮೈಕ್ರೊಜೌಲ್. ಆದರೆ ಅದು 300 ಫೆಮ್ಟೊಸೆಕೆಂಡ್‌ನಲ್ಲಿ ಬಂದರೆ ಆ ಕ್ಷಣದ ಶಕ್ತಿ 6 ಕೋಟಿ ವಾಟ್ ದಾಟುತ್ತದೆ. ಮೇಲ್ಮೈ ಮೇಲೆ ಬೆಳಕಿನ ತರಂಗದ ಉದ್ದಕ್ಕೆ ಹತ್ತಿರದ, ಅಥವಾ ಅದಕ್ಕಿಂತ ಸಣ್ಣ ಅಲೆಯಂಥ ಗೆರೆಗಳು ಮೂಡುತ್ತವೆ. ಬೆಳಕು ಆ ಗುಂಡಿಗಳೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ವಾಪಸ್ ಬರುವುದಿಲ್ಲ, ಅದಕ್ಕೆ ಕಪ್ಪು. ಇಲ್ಲಿ ಕಪ್ಪು ಕೊಡುತ್ತಿರುವುದು ಮೇಲ್ಮೈಯ ಆಕಾರ. ದಪ್ಪ ಆಕ್ಸೈಡ್ ಬೇಕಾಗಿಲ್ಲ. ಹಾಗಾಗಿ ಆಸಿಡ್‌ಗೆ ತಿನ್ನಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಪ್ಯಾಸಿವೇಶನ್ ಆದ ಮೇಲೂ ನಮ್ಮ ಗುರುತು ಹಾಗೇ ಇರುತ್ತದೆ. ಇನ್ನೊಂದು ಲಾಭ, ಯಾವ ಕೋನದಿಂದ ನೋಡಿದರೂ ಕಪ್ಪೇ, ಥಿಯೇಟರ್ ಲೈಟ್ ಕೆಳಗೂ ಹೊಳೆಯುವುದಿಲ್ಲ.

ಇಷ್ಟು ಕಡಿಮೆ ಹೊತ್ತಿನ, ಇಷ್ಟು ಬಲದ ಪಲ್ಸ್ ಮಾಡುವ ದಾರಿ ತೋರಿಸಿದ್ದು 1985ರಲ್ಲಿ ಡೊನ್ನಾ ಸ್ಟ್ರಿಕ್ಲೆಂಡ್ ಮತ್ತು ಜೆರಾರ್ ಮೂರೂ. ಪಲ್ಸನ್ನು ಮೊದಲು ಎಳೆದು ಉದ್ದ ಮಾಡುವುದು, ಆಮೇಲೆ ಬಲ ತುಂಬುವುದು, ಕೊನೆಗೆ ಮತ್ತೆ ಒತ್ತಿ ಚಿಕ್ಕದು ಮಾಡುವುದು. ಹಾಗೆ ಮಾಡದಿದ್ದರೆ ಬಲ ತುಂಬುವ ಗಾಜೇ ಸುಟ್ಟುಹೋಗುತ್ತಿತ್ತು. 2018ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂತು. ಆ ಕೆಲಸ ಇವತ್ತು ಒಂದು ಕತ್ತರಿಯ ಹಿಡಿಯ ಮೇಲೆ ಕೂತಿದೆ ಅಂತ ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ.

ಕಷ್ಟಗಳನ್ನೂ ಹೇಳಬೇಕು. ಮೆಷಿನ್ ಬೆಲೆ ನ್ಯಾನೊಸೆಕೆಂಡ್ ಫೈಬರ್‌ನ ಹಲವು ಪಟ್ಟು. ಗುರುತು ಮೇಲ್ಮೈಯ ನವಿರಾದ ಆಕಾರ ಆಗಿರುವುದರಿಂದ ಒರಟಾಗಿ ಉಜ್ಜಿದರೆ ಸವೆಯುತ್ತದೆ, ಸ್ಟೀಲ್ ಬ್ರಷ್ ಹಾಕಿ ತಿಕ್ಕುವ ಜಾಗಕ್ಕೆ ಇದು ಆಗುವುದಿಲ್ಲ. ಫೋಕಸ್ ಕೂಡ ತುಂಬಾ ಕರಾರುವಾಕ್ಕಾಗಿ ಇರಬೇಕು. ಪೀಸ್ ಹಿಡಿದಿಡುವ ಫಿಕ್ಸ್ಚರ್ ಸಡಿಲ ಇದ್ದರೆ ದುಡ್ಡೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಕೋಡ್ ಓದುಗ:

ಎಲ್ಲರೂ ಲೇಸರ್ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಇನ್ನೊಂದು ತುದಿಯಿಂದ ಬರುತ್ತೇನೆ. ಗುರುತು ಹಾಕುವುದು ಓದುವುದಕ್ಕೆ ಅಲ್ವಾ? ಕಪ್ಪುಗುರುತು ಅವರೇ, ನಿಮ್ಮ ಕೋಡ್ ಚೆನ್ನಾಗಿದೆ ಅಂತ ಹೇಗೆ ಪರೀಕ್ಷೆ ಮಾಡುತ್ತೀರಿ?

ಕಪ್ಪುಗುರುತು:

ಹ್ಯಾಂಡ್ ಸ್ಕ್ಯಾನರ್‌ನಲ್ಲಿ ಬೀಪ್ ಬಂದರೆ ಪಾಸ್. ಮೊಬೈಲ್‌ನಲ್ಲೂ ನೋಡುತ್ತೇವೆ.

ಕೋಡ್ ಓದುಗ:

ಅಲ್ಲೇ ಇದೆ ತೊಂದರೆ. ಸ್ಕ್ಯಾನರ್ ಹೇಳುವುದು "ಇವತ್ತು, ಈ ಬೆಳಕಲ್ಲಿ, ನನಗೆ ಓದಲು ಆಯಿತು" ಅಂತ ಮಾತ್ರ. ಡೇಟಾ ಮ್ಯಾಟ್ರಿಕ್ಸ್‌ನಲ್ಲಿ ತಪ್ಪು ಸರಿಪಡಿಸುವ ರೀಡ್-ಸಾಲೊಮನ್ ಲೆಕ್ಕ ಒಳಗೇ ಇದೆ. ಕೆಲವು ಚೌಕ ಹಾಳಾಗಿದ್ದರೂ ಅದು ಉಳಿದದ್ದರಿಂದ ಲೆಕ್ಕ ಹಾಕಿ ಓದಿಬಿಡುತ್ತದೆ. ಅಂದರೆ ಕೋಡ್ ಸಾಯುವ ಅಂಚಿನಲ್ಲಿದ್ದರೂ ಬೀಪ್ ಬರುತ್ತದೆ. ಇನ್ನೊಂದೇ ಒಂದು ಚೌಕ ಹೋದರೆ ಪೂರ್ತಿ ಸತ್ತ ಹಾಗೆ. ನಿಮ್ಮಲ್ಲಿ ಪಾಸ್ ಆಗಿ ಹೋದ ಪೀಸ್ ಗ್ರಾಹಕರ ಹತ್ತಿರ ಬೇಗ ಓದದೆ ಹೋಗುವುದು ಇದಕ್ಕೇ.

ಬೇಕಾಗಿರುವುದು ವೆರಿಫೈಯರ್. ನೋಡಲು ಸ್ಕ್ಯಾನರ್ ಹಾಗೇ ಇರುತ್ತದೆ, ಆದರೆ ಬೆಳಕಿನ ಕೋನ, ಕ್ಯಾಮೆರಾ ಎಲ್ಲ ಅಳತೆಗೆ ಹೊಂದಿಸಿರುತ್ತದೆ, ಓದಿದ್ದಷ್ಟೇ ಅಲ್ಲ, ಗ್ರೇಡ್ ಕೊಡುತ್ತದೆ. ಲೋಹದ ಮೇಲೆ ನೇರವಾಗಿ ಹಾಕಿದ ಕೋಡ್‌ಗೆ ಐಎಸ್‌ಒ/ಐಇಸಿ 29158 ಅನ್ನುವ ಮಾನದಂಡ ಇದೆ. ಕಾಗದದ ಲೇಬಲ್‌ಗೆ 15415 ಇದೆ, ಅದನ್ನೇ ಹೊಳೆಯುವ ಲೋಹಕ್ಕೆ ಹಾಕಿದರೆ ಒಳ್ಳೆ ಕೋಡ್ ಕೂಡ ಫೇಲ್ ಆಗಬಹುದು. ಚೌಕಗಳ ನಡುವಿನ ಕಪ್ಪು ಬಿಳುಪಿನ ವ್ಯತ್ಯಾಸ, ಗೆರೆ ಎಷ್ಟು ನೇರ ಇದೆ, ಎಲ್ ಆಕಾರದ ಅಂಚು ಎಲ್ಲಾದರೂ ಕಿತ್ತುಹೋಗಿದೆಯಾ, ತಪ್ಪು ಸರಿಪಡಿಸುವ ಶಕ್ತಿ ಎಷ್ಟು ಬಾಕಿ ಇದೆ, ಇಷ್ಟನ್ನೂ ನೋಡುತ್ತದೆ. ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಕೊನೆಯ ಗ್ರೇಡ್.

ನಿಮ್ಮ ಕೋಡ್ ಎಷ್ಟು ದೊಡ್ಡದು? ಲೆನ್ಸ್ ಯಾವುದು?

ಕಪ್ಪುಗುರುತು:

20×20 ಚೌಕದ ಕೋಡ್. ಒಟ್ಟು 3 ಮಿಲಿಮೀಟರ್. ಲೆನ್ಸ್ 254 ಎಂಎಂ, ಒಂದೇ ಸಲ ತುಂಬಾ ಪೀಸ್ ಇಡಬಹುದು ಅಂತ ಹಾಕಿಸಿಕೊಂಡದ್ದು.

ಕೋಡ್ ಓದುಗ:

ಅಯ್ಯೋ, ಇಲ್ಲಿದೆ ನೋಡಿ ಇನ್ನೊಂದು ಕಾರಣ. 3 ಮಿಲಿಮೀಟರ್‌ನಲ್ಲಿ 20 ಚೌಕ ಅಂದರೆ ಒಂದೊಂದು 0.15 ಮಿಲಿಮೀಟರ್, ಅಂದರೆ 150 ಮೈಕ್ರಾನ್. ಲೇಸರ್ ಚುಕ್ಕೆಯ ಗಾತ್ರ ಲೆನ್ಸ್‌ನ ಫೋಕಲ್ ಉದ್ದದ ಜೊತೆಗೆ ಬೆಳೆಯುತ್ತದೆ. 7 ಮಿಲಿಮೀಟರ್ ಅಗಲದ ಕಿರಣ, ಸಾಧಾರಣ ಗುಣಮಟ್ಟ ಅಂತ ಲೆಕ್ಕ ಹಿಡಿದರೆ 160 ಎಂಎಂ ಲೆನ್ಸ್‌ನಲ್ಲಿ ಸುಮಾರು 46 ಮೈಕ್ರಾನ್, 254ರಲ್ಲಿ ಸುಮಾರು 74 ಮೈಕ್ರಾನ್. 74 ಮೈಕ್ರಾನ್ ಚುಕ್ಕೆಯಿಂದ 150 ಮೈಕ್ರಾನ್ ಚೌಕ ತುಂಬಲು ಹೊರಟರೆ ಎರಡೇ ಗೆರೆಗೆ ಮುಗಿಯಿತು, ಅಂಚು ಪಕ್ಕದ ಬಿಳಿ ಚೌಕಕ್ಕೆ ಚಾಚುತ್ತದೆ. ಅದರ ಮೇಲೆ ಅನೀಲಿಂಗ್‌ಗೆ ಅಂತ ಫೋಕಸ್ ಬೇರೆ ಸರಿಸಿರುತ್ತೀರಿ, ಚುಕ್ಕೆ ಇನ್ನೂ ಉಬ್ಬಿರುತ್ತದೆ. 160 ಲೆನ್ಸ್ ಹಾಕಿ, ಒಂದೇ ಸಲ ಕಡಿಮೆ ಪೀಸ್ ಇಡಿ. ಮೆಷಿನ್ ಬದಲಿಸುವ ಮೊದಲು ಇದನ್ನು ಮಾಡಿ. ಖರ್ಚು ಕಡಿಮೆ, ಫಲ ಜಾಸ್ತಿ. ಕೋಡ್ ಸುತ್ತ ಒಂದು ಚೌಕದಷ್ಟು ಖಾಲಿ ಜಾಗವನ್ನೂ ಬಿಡಿ.

ಪ್ಲಾಸ್ಟಿಕ್ ಲೈನ್:

ನಾನು ಲೋಹದವನಲ್ಲ, ಪ್ಲಾಸ್ಟಿಕ್ ಮತ್ತು ವೈರ್ ಕೆಲಸ. ಟ್ರೆಂಡ್ ಬಗ್ಗೆ ಕೇಳಿದ್ದರಿಂದ ನಮ್ಮ ಕಡೆಯದ್ದೂ ಹೇಳುತ್ತೇನೆ.

ನಮ್ಮಲ್ಲಿ ಈಗ ಎಲ್ಲ ಯುವಿ ಕಡೆ ತಿರುಗುತ್ತಿದೆ. 1064 ನ್ಯಾನೊಮೀಟರ್ ಇನ್‌ಫ್ರಾರೆಡ್ ಕಿರಣವನ್ನು ಕ್ರಿಸ್ಟಲ್‌ಗಳ ಮೂಲಕ ಹಾಯಿಸಿ ಅದರ ಮೂರನೇ ಒಂದು ಭಾಗದ ತರಂಗ, 355 ನ್ಯಾನೊಮೀಟರ್, ತೆಗೆಯುತ್ತಾರೆ. ಇದರ ಫೋಟಾನ್ ಶಕ್ತಿ 3.5 ಎಲೆಕ್ಟ್ರಾನ್ ವೋಲ್ಟ್‌ಗೆ ಹತ್ತಿರ, 1064ರದ್ದು ಬರೀ 1.17. ಬಿಳಿ ಪ್ಲಾಸ್ಟಿಕ್‌ನಲ್ಲಿ ಬಣ್ಣಕ್ಕೆ ಅಂತ ಹಾಕಿರುವ ಟೈಟಾನಿಯಂ ಡೈಆಕ್ಸೈಡ್ ಈ ಬೆಳಕನ್ನು ಹೀರಿ ಗಾಢ ಬೂದು ಬಣ್ಣಕ್ಕೆ ತಿರುಗುತ್ತದೆ. ಸುಡುವುದಿಲ್ಲ, ಉಬ್ಬುವುದಿಲ್ಲ, ಉಗುರಿನಿಂದ ಕೆರೆದರೂ ಕೈಗೆ ಏನೂ ತಾಗುವುದಿಲ್ಲ. ವಿಮಾನದ ವೈರ್‌ಗಳಿಗೆ ಗುರುತು ಹಾಕುವುದು ಈ ರೀತಿಯಲ್ಲೇ. ಮೊದಲು ಬಿಸಿ ಅಚ್ಚು ಒತ್ತುತ್ತಿದ್ದರು, ಅಚ್ಚು ಸ್ವಲ್ಪ ಆಳಕ್ಕೆ ಹೋದರೆ ಇನ್ಸುಲೇಶನ್‌ಗೆ ಗಾಯ. ಹಾರುವ ವಿಮಾನದಲ್ಲಿ ಒಂದು ವೈರ್‌ನ ಹೊದಿಕೆ ಸೀಳುವುದು ಅಂದರೆ ಸಣ್ಣ ಮಾತಲ್ಲ.

ಯುವಿಯ ಕಷ್ಟ ಅಂದರೆ ಕ್ರಿಸ್ಟಲ್. ಅದೇ ಜಾಗಕ್ಕೆ ಕಿರಣ ಬಿದ್ದು ಬಿದ್ದು ಅದು ಹಾಳಾಗುತ್ತದೆ. ಒಳ್ಳೆ ಸೋರ್ಸ್‌ಗಳಲ್ಲಿ ಕ್ರಿಸ್ಟಲನ್ನು ಆಗಾಗ ಸ್ವಲ್ಪ ಸರಿಸಿ ಹೊಸ ಜಾಗ ಕೊಡುವ ವ್ಯವಸ್ಥೆ ಇರುತ್ತದೆ. ಕೊಳ್ಳುವಾಗ ಅದನ್ನು ಕೇಳಲೇಬೇಕು.

ಕಾರ್ಬನ್ ಡೈಆಕ್ಸೈಡ್ ಲೇಸರ್ ಹಳೆಯದಾಯಿತು ಅನ್ನುವವರೂ ಇದ್ದಾರೆ. ಅದು ತಪ್ಪು. ಪೆಟ್ ಬಾಟಲಿ ಮೇಲೆ ತಾರೀಕು ಹಾಕಲು ಸಾಮಾನ್ಯ 10.6 ಮೈಕ್ರಾನ್ ಬದಲು 9.3 ಮೈಕ್ರಾನ್ ತರಂಗ ಬಳಸುತ್ತಾರೆ. ಪೆಟ್ ಅದನ್ನು ಮೇಲ್ಮೈಯಲ್ಲೇ ಹೀರಿಕೊಳ್ಳುವುದರಿಂದ ಗೋಡೆ ತೂತಾಗುವುದಿಲ್ಲ. ಇಂಕ್ ಬೇಡ, ಸಾಲ್ವೆಂಟ್ ವಾಸನೆ ಬೇಡ, ನಾಝಲ್ ಕಟ್ಟಿಕೊಳ್ಳುವ ರಗಳೆಯೂ ಇಲ್ಲ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಕಂಡುಹಿಡಿದ ಲೇಸರ್ ಇದು, ಇವತ್ತಿಗೂ ಕೆಲಸ ಕೊಡುತ್ತಿದೆ.

ಹೊಗೆಜಾಗ್ರತೆ:

ಪ್ಲಾಸ್ಟಿಕ್ ಮಾತು ಬಂದದ್ದರಿಂದ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪಿವಿಸಿ ಮೇಲೆ ಲೇಸರ್ ಹಾಕಬೇಡಿ. ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ ಒಳಗಿನ ಕಬ್ಬಿಣಕ್ಕೂ ಕೆಟ್ಟದ್ದು. ಎಬಿಎಸ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೆತ್ತುವಾಗ ಏಳುವ ಸಣ್ಣ ಧೂಳಿನಲ್ಲಿ ಕ್ರೋಮಿಯಂ ಇರುತ್ತದೆ. ಬರೀ ಫ್ಯಾನ್ ಇಟ್ಟು ಕಿಟಕಿ ತೆರೆದರೆ ಸಾಲುವುದಿಲ್ಲ. ಧೂಳಿಗೆ ಹೆಪಾ ಫಿಲ್ಟರ್, ಅನಿಲಕ್ಕೆ ಆಕ್ಟಿವೇಟೆಡ್ ಕಾರ್ಬನ್, ಎರಡೂ ಬೇಕು.

ಕಣ್ಣಿನ ವಿಷಯ ಅದಕ್ಕಿಂತ ಮುಖ್ಯ. 1064 ನ್ಯಾನೊಮೀಟರ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನು ಒಳಗೆ ಬಿಟ್ಟು ರೆಟಿನಾ ಮೇಲೆ ಚುಕ್ಕೆಯಾಗಿ ಸೇರಿಸುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ. ನೋವಾಗುವುದಿಲ್ಲ. ಗೊತ್ತಾಗುವಷ್ಟರಲ್ಲಿ ನೋಟದ ನಡುವೆ ಒಂದು ಮಚ್ಚೆ ಕೂತಿರುತ್ತದೆ, ಅದು ವಾಪಸ್ ಸರಿಹೋಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಹೊಳೆಯುವ ಪೀಸ್‌ನಿಂದ ತಿರುಗಿ ಬಂದ ಕಿರಣ ತಾಗಿ ಹೀಗೇ ಆಯಿತು. ಅವತ್ತಿನಿಂದ ತೆರೆದ ಮೆಷಿನ್ ಪಕ್ಕ ನಾನು ನಿಲ್ಲುವುದೇ ಇಲ್ಲ.

ಮೆಷಿನ್ ಜೊತೆ ಬರುವ ಹಸಿರು ಕನ್ನಡಕದ ಮೇಲೆ ತರಂಗ ಮತ್ತು ಒಡಿ ಸಂಖ್ಯೆ (ಆ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಬರೆದಿಲ್ಲ ಅಂದರೆ ಅದನ್ನು ನಂಬಬೇಡಿ. ಪಾರದರ್ಶಕ ಅಕ್ರಿಲಿಕ್ ಹಾಳೆ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ತಡೆಯುತ್ತದೆ, ಫೈಬರ್ ಲೇಸರನ್ನು ತಡೆಯುವುದಿಲ್ಲ. ಈ ತಪ್ಪನ್ನು ತುಂಬಾ ಕಡೆ ನೋಡಿದ್ದೇನೆ. ಪೂರ್ತಿ ಮುಚ್ಚಿದ, ಬಾಗಿಲು ತೆರೆದರೆ ಲೇಸರ್ ನಿಲ್ಲುವ ಕ್ಲಾಸ್ 1 ಪೆಟ್ಟಿಗೆ ತಗೊಳ್ಳಿ.

ಹೊಸಬಳು:

ನಮ್ಮ ಮೆಷಿನ್ ತೆರೆದದ್ದೇ. ಸುತ್ತ ಪಾರದರ್ಶಕ ಅಕ್ರಿಲಿಕ್ ಹಾಕಿದ್ದಾರೆ. ಫೈಬರ್ ಲೇಸರ್. ಇದನ್ನು ಓದಿ ಭಯವಾಯಿತು.

ಹೊಗೆಜಾಗ್ರತೆ:

ಅಮ್ಮಾ, ನಾಳೆಯೇ ಮೇಲಿನವರ ಹತ್ತಿರ ಮಾತಾಡಿ. 1064ಕ್ಕೆ ಅಂತಲೇ ಮಾಡಿದ ಬಣ್ಣದ ಹಾಳೆ ಸಿಗುತ್ತದೆ, ಅದರ ಮೇಲೆ ಒಡಿ ಮುದ್ರಿಸಿರುತ್ತಾರೆ. ಅದು ಬರುವವರೆಗೆ ತಗಡು ಮುಚ್ಚಿ ಕೆಲಸ ಮಾಡಿ, ಒಳಗೆ ನೋಡಲು ಕ್ಯಾಮೆರಾ ಇಡಿ. ಮಾತಿಗೆ ಬೆಲೆ ಸಿಗದಿದ್ದರೆ ಐಇಸಿ 60825-1 ಅಂತ ಲೇಸರ್ ಸುರಕ್ಷತೆಯ ಮಾನದಂಡದ ಹೆಸರು ಹೇಳಿ ಬರೆದು ಕೊಡಿ. ಇದರಲ್ಲಿ ಸಂಕೋಚ ಬೇಡ.

ನಂಬರ್ ಬರೆಯುವವ:

ತಡವಾಗಿ ಬಂದೆ. ಯಾರೂ ಮುಟ್ಟದ ಒಂದು ವಿಷಯ ಇದೆ, ಗುರುತಿನ ಹಿಂದಿರುವ ನಂಬರ್.

ಕೋಡ್ ಎಷ್ಟೇ ಕಪ್ಪಗಿರಲಿ, ಒಳಗಿನ ನಂಬರ್ ತಪ್ಪಾಗಿದ್ದರೆ ಅದು ಇಲ್ಲದ್ದಕ್ಕಿಂತ ಕಡೆ. ನಮ್ಮಲ್ಲಿ ಸೀರಿಯಲ್ ನಂಬರನ್ನು ಮೆಷಿನ್ ಸಾಫ್ಟ್‌ವೇರ್‌ನ ಕೌಂಟರ್‌ನಿಂದಲೇ ತೆಗೆಯುತ್ತಿದ್ದೆವು. ಒಂದು ದಿನ ಕರೆಂಟ್ ಹೋಗಿ ಬಂತು, ಫೈಲ್ ಹಿಂದೆ ಸೇವ್ ಆಗಿದ್ದ ನಂಬರ್‌ನಿಂದ ಮತ್ತೆ ಶುರುವಾಯಿತು. ಆಪರೇಟರ್‌ಗೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಒಂದೇ ನಂಬರಿನ ಎರಡೆರಡು ಪೀಸ್ ಹೊರಟವು. ಅವನ್ನು ಹುಡುಕಿ ತರಿಸಲು ಮೂರು ವಾರ ಹಿಡಿಯಿತು. ಅದಾದ ಮೇಲೆ ಪ್ರತಿ ನಂಬರ್ ಸರ್ವರ್‌ನಿಂದ ಬರುತ್ತದೆ, ಗುರುತು ಹಾಕಿದ ತಕ್ಷಣ ಮೆಷಿನ್ ಒಳಗಿನ ಕ್ಯಾಮೆರಾ ಅದನ್ನು ಓದಿ ವಾಪಸ್ ಕಳಿಸುತ್ತದೆ, ಎರಡೂ ಹೊಂದಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ನನ್ನ ಪ್ರಕಾರ ಇವತ್ತಿನ ನಿಜವಾದ ಹೊಸತನ ಇದೇ. ಹಾಕು, ಓದು, ಬರೆದಿಡು, ಮೂರೂ ಒಂದೇ ಕಡೆ. ಕ್ಯಾಮೆರಾ ಅದೇ ಲೆನ್ಸ್ ಮೂಲಕ ಪೀಸ್ ನೋಡಿ ಅದು ಓರೆ ಇದ್ದರೆ ಗುರುತನ್ನೂ ಅಷ್ಟೇ ಓರೆ ಮಾಡುತ್ತದೆ. ಮೂರನೇ ಅಕ್ಷದ ಸ್ಕ್ಯಾನರ್ ಎತ್ತರ ಬದಲಾದರೆ ಫೋಕಸನ್ನು ತಾನೇ ಸರಿಸುತ್ತದೆ. ಹಿಂದೆ ಇದಕ್ಕೆಲ್ಲ ದುಬಾರಿ ಫಿಕ್ಸ್ಚರ್ ಮಾಡಿಸಬೇಕಿತ್ತು.

ಕಾನೂನು ಕೂಡ ಅದೇ ಕಡೆ ತಳ್ಳುತ್ತಿದೆ. ಅಮೆರಿಕದಲ್ಲಿ ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎ 2013ರಲ್ಲಿ ತಂದ ಯುಡಿಐ (ಉಪಕರಣದ ಗುರುತಿನ ಸಂಖ್ಯೆ) ನಿಯಮದ ಪ್ರಕಾರ ಪ್ರತಿ ಬಳಕೆಗೆ ಮುಂಚೆ ಶುದ್ಧ ಮಾಡಿ ಮತ್ತೆ ಬಳಸುವ ಉಪಕರಣಗಳಿಗೆ ಗುರುತು ಉಪಕರಣದ ಮೇಲೇ ಇರಬೇಕು, ಪೊಟ್ಟಣದ ಮೇಲೆ ಇದ್ದರೆ ಸಾಲದು. ಯುರೋಪಿಯನ್ ಒಕ್ಕೂಟದ 2017/745 ವೈದ್ಯಕೀಯ ಉಪಕರಣ ನಿಯಮದಲ್ಲೂ ಹೀಗೇ ಇದೆ. ಅಲ್ಲಿನ 2023/1542 ಬ್ಯಾಟರಿ ನಿಯಮದ ಪ್ರಕಾರ ವಿದ್ಯುತ್ ವಾಹನದ ಬ್ಯಾಟರಿಗಳಿಗೆ 2027ರ ಫೆಬ್ರವರಿ 18ರಿಂದ ಡಿಜಿಟಲ್ ಪಾಸ್‌ಪೋರ್ಟ್ ಬೇಕು, ಅದನ್ನು ತೆರೆಯುವ ದಾರಿ ಒಂದು ಕ್ಯೂಆರ್ ಕೋಡ್. ಬ್ಯಾಟರಿ ವರ್ಷಗಟ್ಟಲೆ ಶಾಖ, ಕಂಪನ ತಡೆದುಕೊಳ್ಳುತ್ತದೆ, ಗುರುತು ಕೂಡ ತಡೆದುಕೊಳ್ಳಬೇಕಲ್ಲ.

ಹೊಸಬಳು:

ಹೊಗೆಜಾಗ್ರತೆ ಅವರಿಗೆ ಮೊದಲು ಧನ್ಯವಾದ, ಬರೆದು ಕೊಟ್ಟೆ. ಹಾಳೆ ಬದಲಿಸುತ್ತೇವೆ ಅಂದಿದ್ದಾರೆ, ಅಲ್ಲಿಯವರೆಗೆ ತಗಡು ಮುಚ್ಚಿದ್ದಾರೆ. ಇನ್ನೊಂದು ಪ್ರಶ್ನೆ. ಎಐ ಸೆಟ್ಟಿಂಗ್ ತಾನೇ ಹುಡುಕುತ್ತದೆ ಅಂತ ಜಾಹೀರಾತು ಬರುತ್ತಿದೆ. ನಂಬಬಹುದಾ?

ನ್ಯಾನೊಸೆಕೆಂಡ್:

ಅರ್ಧ ನಂಬಬಹುದು. ಪವರ್, ವೇಗ, ಪಲ್ಸ್ ಸಂಖ್ಯೆ, ಪಲ್ಸ್ ಉದ್ದ, ಹ್ಯಾಚ್ ಅಂತರ (ಗೆರೆ ಗೆರೆಗಳ ನಡುವಿನ ದೂರ), ಫೋಕಸ್, ಆರು ಗುಂಡಿ ಇವೆ. ಒಂದೊಂದಕ್ಕೆ ಹತ್ತು ಹಂತ ಅಂದರೂ ಹತ್ತು ಲಕ್ಷ ಜೋಡಣೆ. ಕೈಯಲ್ಲಿ ಅಷ್ಟೂ ಪರೀಕ್ಷೆ ಮಾಡಲು ಯಾರಿಂದಲೂ ಆಗುವುದಿಲ್ಲ. ಮೆಷಿನ್ ಕೆಲವು ಚೌಕ ಹಾಕಿ, ಕ್ಯಾಮೆರಾದಿಂದ ಅಳೆದು, ಮುಂದೆ ಯಾವ ಕಡೆ ಹೋಗಬೇಕು ಅಂತ ತಾನೇ ನಿರ್ಧರಿಸಿದರೆ ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ, ಇದು ನಿಜವಾದ ಉಪಯೋಗ. ಆದರೆ ಕ್ಯಾಮೆರಾ ನೋಡುವುದು ಇವತ್ತಿನ ಕಪ್ಪನ್ನು. ಆರು ತಿಂಗಳ ನಂತರದ ತುಕ್ಕು ಅದಕ್ಕೆ ಕಾಣುವುದಿಲ್ಲ. ಕಪ್ಪುಗುರುತು ಅವರ ಲಾಟ್ ಕೂಡ ಹಾಕಿದ ದಿನ ಒಳ್ಳೆ ಅಂಕ ತಗೊಳ್ಳುತ್ತಿತ್ತು, ಅಲ್ವಾ?

ಹಳೆ ಯಾಗ್:

ಸರಿಯಾಗಿ ಹೇಳಿದೆ ಅಣ್ಣ. ಕಪ್ಪುಗುರುತು ಅವರೇ, ಈಗ ಮಾಡಬೇಕಾದದ್ದು ಹೇಳುತ್ತೇನೆ. ದುಡ್ಡು ಖರ್ಚು ಮಾಡುವ ಮೊದಲು 160 ಲೆನ್ಸ್ ಹಾಕಿ. 420ಕ್ಕೆ ಬೇರೆ ಸೆಟ್ಟಿಂಗ್ ಹುಡುಕಿ, ವೇಗ ಜಾಸ್ತಿ, ಬಿಸಿ ಕಡಿಮೆ. ಕಡುಗಪ್ಪು ಬೇಕೇಬೇಕು ಅನ್ನುವ ಆಸೆ ಬಿಡಿ, ಗಾಢ ಕಂದು ಬಂದರೂ ವೆರಿಫೈಯರ್ ಗ್ರೇಡ್ ಕೊಡುತ್ತದೆ. ಗುರುತು ಹಾಕಿದ ಮೇಲೆ ಪ್ಯಾಸಿವೇಶನ್ ಮಾಡಿ, ಆಸಿಡ್ ಸಿಟ್ರಿಕ್ ಇದ್ದರೆ ಮತ್ತು ನೈಟ್ರಿಕ್ ಇದ್ದರೆ ಬಣ್ಣ ಎಷ್ಟು ಉಳಿಯುತ್ತದೆ ಅಂತ ಎರಡನ್ನೂ ಹೋಲಿಸಿ. 420ಕ್ಕೆ ಯಾವ ಆಸಿಡ್, ಎಷ್ಟು ಹೊತ್ತು ಅನ್ನುವುದನ್ನು ಎಎಸ್‌ಟಿಎಂ ಎ967 ಮಾನದಂಡ ನೋಡಿಯೇ ಇಡಿ, ತಪ್ಪಿದರೆ ಆಸಿಡ್ ಲೋಹವನ್ನೇ ತಿನ್ನುತ್ತದೆ. ಆಮೇಲೆ ಎಎಸ್‌ಟಿಎಂ ಎಫ್1089 ಪ್ರಕಾರ ಕುದಿಸುವ ಪರೀಕ್ಷೆ. ಅದರ ಜೊತೆ ಗ್ರಾಹಕರ ಡಿಟರ್ಜೆಂಟ್ ತರಿಸಿಕೊಂಡು 134 ಡಿಗ್ರಿ ಆಟೋಕ್ಲೇವ್‌ನಲ್ಲಿ ತೊಳೆದು, ಬೇಯಿಸಿ, ಒಣಗಿಸಿ, ಮತ್ತೆ ಮತ್ತೆ ಮಾಡಿ. ಪ್ರತಿ ಹತ್ತು ಸಲಕ್ಕೆ ಒಮ್ಮೆ ಗ್ರೇಡ್ ಬರೆದಿಡಿ. ಆ ಗೆರೆ ಇಳಿಯುವ ವೇಗ ನೋಡಿದರೆ ಮೋಪಾ ಸಾಕಾ, ಪಿಕೊಸೆಕೆಂಡ್ ಬೇಕಾ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಬೆಳಕುಗಳ್ಳ:

ಪರೀಕ್ಷೆಗೆ ಪೀಸ್ ಬೇಕಾದರೆ ನಮ್ಮ ಪಿಕೊಸೆಕೆಂಡ್‌ನಲ್ಲಿ ಹತ್ತು ಪೀಸ್ ಹಾಕಿಕೊಡುತ್ತೇನೆ, ದುಡ್ಡು ಬೇಡ. ಅದೇ 420, ಅದೇ ಪಾಲಿಶ್, ಅದೇ ಕೋಡ್. ನಿಮ್ಮ ಪೀಸ್ ಜೊತೆಗೇ ಒಂದೇ ಆಟೋಕ್ಲೇವ್‌ನಲ್ಲಿ ಇಟ್ಟು ನೋಡಿ. ಮೆಷಿನ್ ಮಾರುವವರು ಕಳಿಸುವ ಮಾದರಿ ಪೀಸ್ ನಂಬಿ ತೀರ್ಮಾನ ಮಾಡಬೇಡಿ, ಅವರು 304 ತಟ್ಟೆ ಮೇಲೆ ಹಾಕಿ ಕಳಿಸುತ್ತಾರೆ.

ಕಪ್ಪುಗುರುತು:

ಇಷ್ಟು ಸಹಾಯ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಐದು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ.

160 ಲೆನ್ಸ್ ಹಾಕಿದ ದಿನವೇ ವ್ಯತ್ಯಾಸ ಕಂಡಿತು. ಬಾಡಿಗೆಗೆ ತಂದ ವೆರಿಫೈಯರ್‌ನಲ್ಲಿ ಹಳೆ ಕೋಡ್ ಡಿ ಗ್ರೇಡ್ ಬಂದಿತ್ತು, ಅದೇ ಮೆಷಿನ್, ಅದೇ ಲೇಸರ್, ಬರೀ ಲೆನ್ಸ್ ಮತ್ತು ಫೋಕಸ್ ಸರಿ ಮಾಡಿದ್ದಕ್ಕೆ ಬಿ ಬಂತು. 304 ಪೀಸ್‌ಗಳು 100 ಸಲ ಆಟೋಕ್ಲೇವ್ ಆದ ಮೇಲೂ ಬಿಯಲ್ಲೇ ನಿಂತಿವೆ, ತುಕ್ಕು ಇಲ್ಲ. ಅವಕ್ಕೆ ಹಳೆ ಮೆಷಿನ್ ಸಾಕು.

420 ಮಾತ್ರ ಬೇರೆ ಕಥೆ. ಬಿಸಿ ಕಡಿಮೆ ಮಾಡಿದ ಮೇಲೆ ತುಕ್ಕು ತಡವಾಗಿ ಬಂತು, ಬರದೆ ಇರಲಿಲ್ಲ. 60 ಸಲಕ್ಕೆ ಎರಡು ಪೀಸ್‌ನಲ್ಲಿ ಕೆಂಪು ಕಂಡಿತು. ಬೆಳಕುಗಳ್ಳ ಅವರು ಹಾಕಿಕೊಟ್ಟ ಹತ್ತೂ ಪೀಸ್ 100 ಸಲ ದಾಟಿವೆ, ಒಂದರಲ್ಲೂ ತುಕ್ಕಿಲ್ಲ, ಆಸಿಡ್‌ನಿಂದ ಬಂದ ದಿನದ ಕಪ್ಪೇ ಈಗಲೂ ಇದೆ. ಒಂದು ಪೀಸ್ ಅನ್ನು ಬೇಕಂತಲೇ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿಸಿದೆ, ಅಂಚಿನಲ್ಲಿ ಸ್ವಲ್ಪ ಸವೆದು ಸಿ ಗ್ರೇಡ್‌ಗೆ ಇಳಿಯಿತು, ಓದುತ್ತದೆ. ಕತ್ತರಿಗಳನ್ನು ಸದ್ಯಕ್ಕೆ ಹೊರಗೆ ಪಿಕೊಸೆಕೆಂಡ್ ಇರುವವರ ಹತ್ತಿರ ಮಾಡಿಸುತ್ತೇವೆ. ಆರ್ಡರ್ ಇಷ್ಟೇ ಇದ್ದರೆ ಸ್ವಂತ ಮೆಷಿನ್ ಲೆಕ್ಕಕ್ಕೆ ಬರುವುದಿಲ್ಲ, ಬೆಳೆದರೆ ಕೊಳ್ಳುತ್ತೇವೆ. 50 ವಾಟ್ ಮಾತಂತೂ ಬಿಟ್ಟೆವು.

ಒಂದು ಅನುಮಾನ ಉಳಿದಿದೆ. ಕತ್ತರಿಯ ಹಿಡಿ ಬಾಗಿದೆ, ಕೋಡ್ ಆ ಬಾಗಿನ ಮೇಲೆ ಬರುತ್ತದೆ. ಅಂಚಿನ ಚೌಕಗಳು ಮಸುಕಾಗುತ್ತಿವೆ. ಕೋಡ್ ಚಿಕ್ಕದು ಮಾಡಲಾ, ಜಾಗ ಬದಲಿಸಲಾ?

ಕೋಡ್ ಓದುಗ:

ಎರಡೂ ಬೇಡ, ಮೊದಲು ಆಕಾರ ಬದಲಿಸಿ ನೋಡಿ. ಡೇಟಾ ಮ್ಯಾಟ್ರಿಕ್ಸ್‌ನಲ್ಲಿ ಆಯತಾಕಾರದ ಮಾದರಿಯೂ ಇದೆ, 16×48ರವರೆಗೆ. 16×36 ತಗೊಂಡು ಉದ್ದದ ಬದಿಯನ್ನು ಹಿಡಿಯ ಉದ್ದಕ್ಕೆ ಹೊಂದಿಸಿ, ಬಾಗಿನ ಮೇಲೆ ಬರುವುದು 16 ಚೌಕ ಮಾತ್ರ ಆಗುತ್ತದೆ. ನಿಮ್ಮ ನಂಬರ್ ಎಷ್ಟು ಅಕ್ಷರ ಅಂತ ಹೇಳಿ, ಹಿಡಿಸುತ್ತದಾ ನೋಡೋಣ.